ಊರ ದಫ್ತರದಿಂದ ಮೊಬೈಲ್‌ವರೆಗೆ: ಬಾಗಲಕೋಟೆ ಸೀಮೆಯಲ್ಲಿ ಖಾಸಗಿ ಮಾಹಿತಿಯ ಚರಿತ್ರೆ

ಒಬ್ಬರ ಹೆಸರು, ಕುಲ, ಆಸ್ತಿ, ಸಾಲ, ರೋಗ, ನಡತೆಗಳನ್ನು ಇನ್ನೊಬ್ಬರು ಬರೆದಿಟ್ಟುಕೊಳ್ಳುವ ರೂಢಿ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಅದಕ್ಕೆ ಸುಮಾರು ಒಂದೂವರೆ ಸಾವಿರ ವರ್ಷಗಳ ಇತಿಹಾಸವಿದೆ. ಬಂಡೆಯ ಶಾಸನ, ಕುಲಕರ್ಣಿಯ ದಫ್ತರ, ಬ್ರಿಟಿಷರ ಜನಗಣತಿ, ಮುಳುಗಡೆ ಪರಿಹಾರದ ಪಟ್ಟಿ, ಆಧಾರ್, ವಾಟ್ಸ್‌ಆ್ಯಪ್ ಹೀಗೆ ಬರೆದಿಡುವ ಸಾಧನ ಬದಲಾಗುತ್ತ ಬಂದಿದೆ. ಪ್ರತಿ ಕಾಲದಲ್ಲೂ ಕೇಳಬೇಕಾದ ಪ್ರಶ್ನೆಗಳು ಮಾತ್ರ ಮೂರೇ. ಬರೆದುಕೊಂಡವರು ಯಾರೆಂದು ಜನರಿಗೆ ಗೊತ್ತಿತ್ತೇ? ಬರೆದದ್ದನ್ನು ಅವರು ಓದಿ ತಿಳಿಯಬಹುದಿತ್ತೇ? ಯಾವ ಕಾರಣಕ್ಕೆ ಬರೆದುಕೊಂಡರೋ ಅದಕ್ಕಷ್ಟೇ ಬಳಸಿದರೇ? ಸಾಮಾಜಿಕ ಜಾಲತಾಣಗಳ ಕಾಲದಲ್ಲಿ ಖಾಸಗಿತನದ ಪ್ರಶ್ನೆ ಇಷ್ಟು ಗಂಭೀರವಾಗಲು ಕಾರಣ, ಈ ಮೂರಕ್ಕೂ ಒಟ್ಟಿಗೇ ಉತ್ತರ ಸಿಗದಂತಾಗಿರುವುದು.

ಕಲ್ಲಿನ ಮೇಲಿನ ಹೆಸರು

ಬಾದಾಮಿಯ ಕೋಟೆಬಂಡೆಯ ಮೇಲೆ ಒಂದನೇ ಪುಲಕೇಶಿಯ ಶಾಸನವಿದೆ. ಶಕವರ್ಷ 465ರ, ಅಂದರೆ ಕ್ರಿ.ಶ. 543ರ ಆ ಬರಹ ಕೋಟೆ ಕಟ್ಟಿಸಿದ ಅರಸನ ಹೆಸರನ್ನು ಊರಿಗೆಲ್ಲ ಕಾಣುವಂತೆ ಸಾರುತ್ತದೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನಗಳಿವೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನ ಜೊತೆಗೆ, ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಅವನಿಗೆ ಸಂದ ಅನಿವಾರಿತಾಚಾರಿ ಎಂಬ ಬಿರುದೂ ಉಳಿದಿವೆ. ಬಾದಾಮಿಯ ತಟ್ಟುಕೋಟೆ ಬಳಿಯ ಕಪ್ಪೆ ಅರಭಟ್ಟನ ಶಾಸನ ಇನ್ನೂ ಮುಂದೆ ಹೋಗಿ ಒಬ್ಬ ಮನುಷ್ಯನ ಸ್ವಭಾವವನ್ನೇ ತ್ರಿಪದಿಯಲ್ಲಿ ದಾಖಲಿಸುತ್ತದೆ.

ಇವೆಲ್ಲ ವ್ಯಕ್ತಿಗಳ ಬಗೆಗಿನ ಮಾಹಿತಿಯೇ. ಆದರೆ ಹೆಸರು ಉಳಿಯಬೇಕೆಂಬ ಆಸೆಯಿಂದ ಬರೆಸಿದವು. ದಾನಶಾಸನಗಳು ದಾನ ಕೊಟ್ಟವರನ್ನು, ಪಡೆದವರನ್ನು, ಭೂಮಿಯ ಎಲ್ಲೆಯನ್ನು ಹೇಳುತ್ತಿದ್ದುದು ಮುಂದೆ ಯಾರೂ ಆ ದಾನವನ್ನು ಕಿತ್ತುಕೊಳ್ಳದಿರಲಿ ಎಂದು. ಬರಹ ಬಯಲಲ್ಲಿತ್ತು, ಅದರ ಉದ್ದೇಶ ಅದರಲ್ಲೇ ಇತ್ತು. ಕಲ್ಲು ಕೆತ್ತಿಸುವ ಶಕ್ತಿಯಿಲ್ಲದ ಒಕ್ಕಲಿಗ, ನೇಕಾರ, ಕೂಲಿಯವರ ಹೆಸರು ಮಾತ್ರ ಅಲ್ಲಿ ಬರಲಿಲ್ಲ. ಅವರ ಹೆಸರು ದಾಖಲೆಗೆ ಬಂದದ್ದು ಕಂದಾಯದ ಲೆಕ್ಕದ ಮೂಲಕ.

ಕುಲಕರ್ಣಿಯ ದಫ್ತರ

ಆದಿಲಶಾಹಿ ಮತ್ತು ಮರಾಠರ ಆಳ್ವಿಕೆಯಲ್ಲಿ ಈ ಭಾಗದ ಹಳ್ಳಿಯ ಆಡಳಿತ ಗೌಡ ಮತ್ತು ಕುಲಕರ್ಣಿಯ ಕೈಯಲ್ಲಿತ್ತು. ಗೌಡ ಊರಿನ ಮುಖಂಡ, ಕುಲಕರ್ಣಿ ಊರಿನ ಲೆಕ್ಕಿಗ. ಎರಡೂ ವಂಶಪಾರಂಪರ್ಯದ ವತನ. ಯಾರ ಹೊಲ ಎಷ್ಟು, ಯಾರ ಕಂದಾಯ ಬಾಕಿ, ಯಾವುದು ಇನಾಮು, ಬಡಿಗ, ಕಂಬಾರ, ಮಡಿವಾಳರಿಗೆ ಸಲ್ಲುವ ಆಯ ಎಷ್ಟು ಎಂಬುದೆಲ್ಲ ಬಟ್ಟೆಯಲ್ಲಿ ಸುತ್ತಿಟ್ಟ ದಫ್ತರದಲ್ಲಿ ಇರುತ್ತಿತ್ತು. ಕುಲಕರ್ಣಿಗೆ ಕಾಗದದಲ್ಲಿ ಇಲ್ಲದ್ದೂ ಗೊತ್ತಿರುತ್ತಿತ್ತು: ಯಾರ ಮನೆಯಲ್ಲಿ ಪಾಲಿನ ಜಗಳ ನಡೆದಿದೆ, ಯಾರ ಎತ್ತು ಸಾಲಕ್ಕೆ ಹೋಗಿದೆ, ಯಾರು ಊರು ಬಿಟ್ಟಿದ್ದಾರೆ.

ಈ ವ್ಯವಸ್ಥೆಯಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ. ಬರೆಯುವವರು ಯಾರೆಂದು ಊರಿಗೆಲ್ಲ ಗೊತ್ತು. ತಪ್ಪು ಬರೆದರೆ ಚಾವಡಿಯಲ್ಲಿ ಹಿಡಿದು ಕೇಳಬಹುದು. ಎರಡನೆಯ ಪ್ರಶ್ನೆಗೆ ಬಂದರೆ ಜನ ಸೋತಿದ್ದರು. ಲೆಕ್ಕಪತ್ರಗಳು ಬಹುಪಾಲು ಮರಾಠಿ ಬರೆಯುವ ಮೋಡಿ ಲಿಪಿಯಲ್ಲಿದ್ದವು. ಹೊಲ ಉಳುವವನಿಗೆ ತನ್ನ ಹೊಲದ ಲೆಕ್ಕ ಓದಲು ಬರುತ್ತಿರಲಿಲ್ಲ. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಅಸಹಾಯಕತೆ ಅಲ್ಲಿಂದಲೇ ಶುರುವಾಯಿತು.

1818ರಲ್ಲಿ ಪೇಶ್ವೆಯ ಪತನದ ನಂತರ ಈ ಸೀಮೆಯ ಬಹುಭಾಗ ಮುಂಬಯಿ ಸರ್ಕಾರಕ್ಕೆ ಸೇರಿತು. 1840ರ ದಶಕದಲ್ಲಿ ಜಾರ್ಜ್ ವಿಂಗೇಟ್ ನೇತೃತ್ವದಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂಮಾಪನ ಆರಂಭವಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು, ಮಣ್ಣಿನ ಗುಣ ನೋಡಿ ಕಂದಾಯದ ಆಕಾರ ನಿಗದಿಯಾಯಿತು. 1852ರ ಇನಾಮು ಕಾಯ್ದೆಯಡಿ ಅಧಿಕಾರಿಗಳು ಇನಾಮುದಾರರಿಂದ ಸನದು ಕೇಳತೊಡಗಿದರು. ಕಾಗದ ತೋರಿಸಲಾಗದವರ ತಲೆಮಾರುಗಳ ಹಕ್ಕು ಹೋಯಿತು. ಬಾದಾಮಿಯ ನೆರೆಯ ನರಗುಂದದಲ್ಲಿ 1858ರಲ್ಲಿ ಬಂಡಾಯ ಎದ್ದುದಕ್ಕೆ ಈ ಅಸಮಾಧಾನವೂ ಒಂದು ಕಾರಣ. ಅದಕ್ಕೂ ಮೊದಲು, 1857ರ ನವೆಂಬರ್‌ನಲ್ಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಬ್ರಿಟಿಷರಿಗೆ ಎದುರು ನಿಂತರು. ಮನೆಯಲ್ಲಿರುವ ಆಯುಧಗಳನ್ನು ಸರ್ಕಾರಕ್ಕೆ ತೋರಿಸಿ ಪರವಾನಗಿ ಪಡೆಯಬೇಕೆಂಬ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಅವರು ಒಪ್ಪಲಿಲ್ಲ. ಅದು ಬದುಕು ಮತ್ತು ಮಾನದ ಹೋರಾಟ. ಮನೆಯೊಳಗೆ ಏನಿದೆ ಎಂದು ಕೇಳುವ ಅಧಿಕಾರ ಸರ್ಕಾರಕ್ಕೆ ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಊರಿಗೆ ಬೆಂಕಿ ಬಿತ್ತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು.

ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತದ 1950ರ ಕಾಯ್ದೆ ಪರಗಣ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿತು. ದಫ್ತರ ಸಂಬಳದ ತಲಾಟಿಯ ಕೈಗೆ ಬಂತು. ದಾಖಲೆ ಒಂದು ಮನೆತನದ ಸ್ವತ್ತಾಗಿದ್ದ ಕಾಲ ಅಲ್ಲಿಗೆ ಮುಗಿಯಿತು.

ಎಣಿಕೆ ಮತ್ತು ಹಣೆಪಟ್ಟಿ

1864ರಲ್ಲಿ ಕಲಾದಗಿ ಜಿಲ್ಲೆ ಆಯಿತು. ಬಾಗಲಕೋಟೆ, ಬಾದಾಮಿ, ಹುನಗುಂದ ಅದರೊಳಗೆ ಬಂದವು. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. 1872ರಲ್ಲಿ ಇಲ್ಲಿ ಮೊದಲ ಜನಗಣತಿ, 1881ರಲ್ಲಿ ಎರಡನೆಯದು. ನಡುವೆ 1876ರಿಂದ 1878ರವರೆಗೆ ಭೀಕರ ಬರ ಬಿತ್ತು. ಆ ಒಂಬತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಎರಡು ಎಣಿಕೆಗಳನ್ನು ಹೋಲಿಸಿ ನೋಡಿದಾಗಲೇ ಬರದ ಭೀಕರತೆ ಅಂಕಿಯಲ್ಲಿ ಕಂಡದ್ದು. ದಾಖಲೆಯಿಂದ ಜನರಿಗೆ ಒಳಿತೂ ಉಂಟು ಎಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ.

ಗಣತಿದಾರ ಕೇಳುತ್ತಿದ್ದುದು ಬರೀ ಹೆಸರಲ್ಲ. ಜಾತಿ, ಕಸುಬುಗಳ ಜೊತೆಗೆ ಮನೆಯಲ್ಲಿ ಕುರುಡರು, ಕಿವುಡ-ಮೂಕರು, ಬುದ್ಧಿಭ್ರಮಣೆಯಾದವರು, ಕುಷ್ಠರೋಗಿಗಳು ಇದ್ದಾರೆಯೇ ಎಂದೂ ಕೇಳುತ್ತಿದ್ದ. ಹೀಗೆ ಮನೆಯ ಸಂಕಟ ಸರ್ಕಾರದ ಕೋಷ್ಟಕ ಸೇರಿತು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ವಿಜಾಪುರ ಸಂಪುಟ ಒಂದು ಹೆಜ್ಜೆ ಮುಂದೆ ಹೋಗಿ ಒಂದೊಂದು ಜಾತಿಯ ಉಡುಗೆ, ಊಟ, ಮದುವೆಗಳ ಜೊತೆಗೆ ಗುಣಾವಗುಣವನ್ನೂ ಬರೆಯಿತು. ಇಡೀ ಸಮುದಾಯವನ್ನು ಒಂದೆರಡು ವಿಶೇಷಣಗಳಲ್ಲಿ ಮುಗಿಸಿಬಿಡುವ ಆ ಪದ್ಧತಿ ಅನ್ಯಾಯದ್ದು.

ಆ ಅನ್ಯಾಯ ಅತ್ಯಂತ ಕಠೋರವಾಗಿ ಕಂಡದ್ದು ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ. 1871ರಲ್ಲಿ ಉತ್ತರ ಭಾರತಕ್ಕಾಗಿ ಮಾಡಿದ ಆ ಕಾಯ್ದೆ 1911ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ವಿಜಾಪುರ ಜಿಲ್ಲೆಯಲ್ಲಿ ಒ.ಎಚ್.ಬಿ. ಸ್ಟಾರ್ಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಹರಣಶಿಕಾರಿ, ಗಂಟಿಚೋರ್, ಛಪ್ಪರಬಂದ್ ಮುಂತಾದ ಸಮುದಾಯದವರಿಗಾಗಿ ಸೆಟ್ಲ್‌ಮೆಂಟ್ ತೆರೆಯಲಾಯಿತು. ಕಾಯ್ದೆಯಡಿ ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಹೊತ್ತುಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಡಲು ಚೀಟಿ ಪಡೆಯಬೇಕು. ತಪ್ಪು ಮಾಡಲಿ ಬಿಡಲಿ, ಹುಟ್ಟಿದ ಜಾತಿಯೇ ಪೊಲೀಸ್ ರಿಜಿಸ್ಟರಿಗೆ ಸಾಕಾಗಿತ್ತು. 1952ರಲ್ಲಿ ಕಾಯ್ದೆ ರದ್ದಾದರೂ ಹಣೆಪಟ್ಟಿ ಬೇಗ ಅಳಿಯಲಿಲ್ಲ.

ಸ್ವತಂತ್ರ ಭಾರತ 1948ರ ಜನಗಣತಿ ಕಾಯ್ದೆಯಲ್ಲಿ ಒಂದು ಮುಖ್ಯ ಭರವಸೆ ಕೊಟ್ಟಿತು. ಅದರ 15ನೇ ಕಲಮಿನ ಪ್ರಕಾರ ಗಣತಿಯಲ್ಲಿ ಒಬ್ಬ ವ್ಯಕ್ತಿ ಕೊಟ್ಟ ವಿವರವನ್ನು ಯಾರೂ ತೆರೆದು ನೋಡುವಂತಿಲ್ಲ; ಆ ಕಾಯ್ದೆಯಡಿಯ ಅಪರಾಧಗಳ ವಿಚಾರಣೆ ಬಿಟ್ಟು ಬೇರೆ ಮೊಕದ್ದಮೆಯಲ್ಲಿ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಂದು ಉದ್ದೇಶಕ್ಕೆ ಪಡೆದ ಮಾಹಿತಿ ಇನ್ನೊಂದಕ್ಕೆ ಹೋಗಬಾರದು ಎಂಬ ತತ್ವ ದೇಶದ ಕಾನೂನಿನಲ್ಲಿ ಹೀಗೆ ಬಹಳ ಹಿಂದೆಯೇ ಇತ್ತು.

ಪರಿಹಾರಕ್ಕಾಗಿ ಕೊಟ್ಟ ವಿವರ

ಮುಂದಿನ ಅರ್ಧ ಶತಮಾನದಲ್ಲಿ ಜನ ತಾವಾಗಿಯೇ ಸಾಲಿನಲ್ಲಿ ನಿಂತು ವಿವರ ಬರೆಸಿದರು, ಏಕೆಂದರೆ ಬರೆಸದಿದ್ದರೆ ಪಾಲಿಗೆ ಏನೂ ಬರುತ್ತಿರಲಿಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಕೃಷ್ಣೆ, ಘಟಪ್ರಭೆಯ ಹಿನ್ನೀರಿಗೆ ಹಳ್ಳಿಗಳೂ ಹಳೇ ಬಾಗಲಕೋಟೆಯ ದೊಡ್ಡ ಭಾಗವೂ ಹೋದವು, ನವನಗರ ಎದ್ದಿತು. ಮನೆಯ ಅಳತೆ, ಗೋಡೆ ಮಣ್ಣಿನದೋ ಕಲ್ಲಿನದೋ, ಬಾವಿ, ಗಿಡಮರ, ಕುಟುಂಬದಲ್ಲಿ ಎಷ್ಟು ಜನ ಎಂಬುದೆಲ್ಲ ಪಟ್ಟಿಯಾಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಪರಿಹಾರ ಮತ್ತು ಪುನರ್ವಸತಿ ಕೇಂದ್ರದಲ್ಲಿ ನಿವೇಶನ. ತಪ್ಪಿದರೆ ವರ್ಷಗಟ್ಟಲೆ ಅಲೆದಾಟ.

ಇಳಕಲ್, ಗುಳೇದಗುಡ್ಡದ ನೇಕಾರರು ಕೈಮಗ್ಗ ಗಣತಿಗಳಲ್ಲಿ ಮಗ್ಗದ ಸಂಖ್ಯೆ, ಆದಾಯ, ಸಾಲದ ವಿವರ ಕೊಟ್ಟು ನೇಕಾರರ ಗುರುತಿನ ಚೀಟಿ ಪಡೆದರು. ಹೊಲದ ಪಹಣಿಯನ್ನು ಈ ಭಾಗದಲ್ಲಿ ಉತಾರ ಎನ್ನುವುದು ವಾಡಿಕೆ. ರಾಜ್ಯದ ಭೂಮಿ ಯೋಜನೆ 2000ದ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ತಲಾಟಿಯನ್ನು ಕಾಡಿಬೇಡಬೇಕಾಗಿದ್ದ ಉತಾರ 15 ರೂಪಾಯಿಗೆ ಕೈಗೆ ಬಂತು. ಜೊತೆಗೆ, ಯಾರ ಹೆಸರಿನಲ್ಲಿ ಎಷ್ಟು ಜಮೀನಿದೆ, ಅದರ ಮೇಲೆ ಯಾವ ಬ್ಯಾಂಕಿನ ಬೋಜಾ ಇದೆ ಎಂಬುದನ್ನು ಯಾರು ಬೇಕಾದರೂ ನೋಡುವಂತಾಯಿತು.

ಎಲ್ಲಕ್ಕಿಂತ ಸೂಕ್ಷ್ಮವಾದವು ಎರಡು ಬಗೆಯ ಸಮೀಕ್ಷೆಗಳು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೆ 1993-94 ಮತ್ತು 2007-08ರಲ್ಲಿ ಮಾಜಿ ದೇವದಾಸಿಯರ ಗಣತಿ ನಡೆಯಿತು. ಮಾಸಾಶನ, ಮನೆ ಬೇಕಾದರೆ ಆ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದರೆ ಕಳಂಕದ ಗುರುತು ಸರ್ಕಾರಿ ಕಡತದಲ್ಲಿ ಕಾಯಂ. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದಿನ ಖಾಲಿ ಜಾಗವನ್ನು ಕಂಡು ಅನುಭವಿಸಿದ ಅವಮಾನವನ್ನು ಯಾವ ಅಂಕಿಯೂ ಹೇಳದು. ಎರಡನೆಯದು ಎಚ್‌ಐವಿ ಸಮೀಕ್ಷೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮುದಾಯ ಅಧ್ಯಯನವೊಂದು ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 2.9 ಎಂದು ಕಂಡಿತು. ಚಿಕಿತ್ಸೆ ಮತ್ತು ತಡೆಗೆ ಆ ಅಂಕಿ ಬೇಕೇ ಇತ್ತು. ಆದರೆ ಒಬ್ಬರ ವರದಿ ಹೊರಬಿದ್ದರೆ ಮನೆ, ಕೆಲಸ, ಮಕ್ಕಳ ಮದುವೆ ಎಲ್ಲಕ್ಕೂ ಕುತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿತು. ಖಾಸಗಿತನ ಉಳ್ಳವರ ಚಿಂತೆ ಎನ್ನುವ ಮಾತಿಗೆ ಈ ಎರಡು ಸಂಗತಿಗಳೇ ಉತ್ತರ. ಗುಟ್ಟು ರಟ್ಟಾದಾಗ ಹೆಚ್ಚು ಕಳೆದುಕೊಳ್ಳುವವರು ಬಡವರು ಮತ್ತು ಹೆಣ್ಣುಮಕ್ಕಳು.

ಜಾಲತಾಣಗಳ ಕಾಲ

ಫೇಸ್‌ಬುಕ್ 2004ರಲ್ಲಿ, ವಾಟ್ಸ್‌ಆ್ಯಪ್ 2009ರಲ್ಲಿ ಆರಂಭವಾದವು. 2014ರಲ್ಲಿ ವಾಟ್ಸ್‌ಆ್ಯಪನ್ನು ಫೇಸ್‌ಬುಕ್ ಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ಅಗ್ಗವಾಗಿ ಹಳ್ಳಿಹಳ್ಳಿಗೂ ಮುಟ್ಟಿತು. ಇಳಕಲ್ ಸೀರೆಯ ವ್ಯಾಪಾರ ಈಗ ಬಹಳಷ್ಟು ಮೊಬೈಲ್‌ನಲ್ಲೇ ಕುದುರುತ್ತದೆ. ತೋಪುತೆನಿ ಸೆರಗು, ಕೊಂಡಿ ಹಾಕಿ ಕೂಡಿಸಿದ ಒಡಲು, ದಡಿಯ ಬಣ್ಣ ಕಾಣುವಂತೆ ಚಿತ್ರ ತೆಗೆದು, ಬೆಲೆ ಮತ್ತು ನಂಬರು ಹಾಕಿ ಗುಂಪುಗಳಿಗೆ ಕಳಿಸಿದರೆ ಬೆಂಗಳೂರು, ಪುಣೆಯಿಂದ ಗಿರಾಕಿ ಸಿಗುತ್ತಾರೆ. ಮಧ್ಯವರ್ತಿಯಿಲ್ಲದೆ ಮಾರುವ ಈ ಅವಕಾಶ ನೇಕಾರರ ಮಟ್ಟಿಗೆ ದೊಡ್ಡದು.

ಆ ಒಂದು ಚಿತ್ರದ ಹಿಂದೆ ನಡೆಯುವುದನ್ನು ಬಿಡಿಸಿ ನೋಡಬೇಕು. ಆ್ಯಪ್ ಹಾಕಿಕೊಳ್ಳುವಾಗ ಕಾಂಟ್ಯಾಕ್ಟ್ ಪಟ್ಟಿಗೆ ಅನುಮತಿ ಕೊಟ್ಟರೆ ಫೋನಿನಲ್ಲಿರುವ ನಂಬರುಗಳು ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಆ್ಯಪ್ ಬಳಸದ ನಂಟರ, ಮುಪ್ಪಾದ ತಂದೆತಾಯಿಯ ನಂಬರೂ ಅದರಲ್ಲಿರುತ್ತದೆ; ಅವರನ್ನು ಯಾರೂ ಕೇಳಿರುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶದ ಒಳಗಿನ ಮಾತು 2016ರಿಂದ ಕಳಿಸಿದವರು ಮತ್ತು ಪಡೆದವರಿಗೆ ಮಾತ್ರ ಓದಲು ಬರುವಂತೆ ಗೂಢಲಿಪಿಯಲ್ಲಿದೆ. ಆದರೆ ಯಾವ ಗುಂಪಿನಲ್ಲಿದ್ದಾರೆ, ಯಾವ ಹೊತ್ತಿಗೆ ಫೋನ್ ಹಿಡಿಯುತ್ತಾರೆ, ಯಾವ ಫೋನ್, ಯಾವ ಊರಿನ ನೆಟ್‌ವರ್ಕ್ ಎಂಬಂಥ ವಿವರ ಕಂಪನಿಗೆ ಸಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಯಾವ ರೀಲ್ ಮೇಲೆ ಎಷ್ಟು ಹೊತ್ತು ಕಣ್ಣು ನಿಂತಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇವನ್ನೆಲ್ಲ ಕೂಡಿಸಿದರೆ ವಯಸ್ಸು, ಆದಾಯ, ಆಸಕ್ತಿ, ರಾಜಕೀಯ ಒಲವು ಊಹಿಸಬಹುದು. ಜಾಹೀರಾತುದಾರರು ಹಣ ಕೊಡುವುದು ಈ ಊಹೆಯ ಬಲದಿಂದ ಬೇಕಾದವರನ್ನೇ ತಲುಪಲು. ಆ್ಯಪ್ ಪುಕ್ಕಟೆಯಾಗಿರುವುದು ಇದರಿಂದಲೇ.

ಒಬ್ಬರ ಅನುಮತಿ ಎಷ್ಟು ಜನರನ್ನು ಸಿಕ್ಕಿಸಬಲ್ಲದು ಎಂಬುದು 2018ರ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣದಲ್ಲಿ ಜಗತ್ತಿಗೆ ತಿಳಿಯಿತು. ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದನ್ನು ಭಾರತದಲ್ಲಿ ಹಾಕಿಕೊಂಡವರು 335 ಮಂದಿ. ಅವರ ಗೆಳೆಯರ ಪಟ್ಟಿಯ ಮೂಲಕ 5.62 ಲಕ್ಷ ಭಾರತೀಯರ ಮಾಹಿತಿ ಸೋರಿರಬಹುದೆಂದು ಫೇಸ್‌ಬುಕ್ ಒಪ್ಪಿಕೊಂಡಿತು. ಸಾಲದ ಆ್ಯಪ್‌ಗಳ ಕಿರುಕುಳವೂ ಇದೇ ದಾರಿಯದು: ಕಂತು ತಪ್ಪಿದೊಡನೆ ಸಾಲಗಾರರ ಫೋನಿನಲ್ಲಿದ್ದ ನಂಟರಿಗೆಲ್ಲ ಅವಮಾನದ ಸಂದೇಶ. 2022ರಲ್ಲಿ ರಿಸರ್ವ್ ಬ್ಯಾಂಕ್ ಇಂಥ ಆ್ಯಪ್‌ಗಳು ಕಾಂಟ್ಯಾಕ್ಟ್, ಕರೆ ಪಟ್ಟಿ, ಫೋಟೊಗಳಿಗೆ ಕೈ ಹಾಕಬಾರದೆಂದು ಸೂಚಿಸಿತು.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಹೊಸ ಖಾಸಗಿತನ ನೀತಿ ಪ್ರಕಟಿಸಿತು. ವ್ಯಾಪಾರಿ ಖಾತೆಗಳೊಂದಿಗಿನ ಸಂವಹನ ಮತ್ತು ಫೇಸ್‌ಬುಕ್ ಸಮೂಹದೊಡನೆ ಮಾಹಿತಿ ಹಂಚಿಕೆ ಅದರ ಮುಖ್ಯ ವಿಷಯ. ಒಪ್ಪಿಕೊಳ್ಳಿ, ಇಲ್ಲವೇ ಬಿಡಿ ಎಂಬ ಧೋರಣೆಗೆ ದೇಶದಾದ್ಯಂತ ವಿರೋಧ ಬಂತು. ಈ ನೀತಿಗಾಗಿ 2024ರ ನವೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಮೆಟಾ ಎಂದು ಹೆಸರು ಬದಲಿಸಿಕೊಂಡಿದ್ದ ಫೇಸ್‌ಬುಕ್ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಒಂದು ವರ್ಷದ ನಂತರ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಆದರೆ ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳಲು ಆಯೋಗ ಹಾಕಿದ್ದ 5 ವರ್ಷಗಳ ತಡೆಯನ್ನು ತೆಗೆದುಹಾಕಿತು. ಗಿರಾಕಿಗಳೆಲ್ಲ ಅದೇ ಆ್ಯಪ್‌ನಲ್ಲಿರುವಾಗ ಇಳಕಲ್ಲಿನ ಸೀರೆ ವ್ಯಾಪಾರಿ ಅದನ್ನು ಬಿಟ್ಟು ಹೋಗಲಾರ. ಹಾಗಿರುವಾಗ ಅವನು ಒತ್ತಿದ ಗುಂಡಿಯನ್ನು ನಿಜವಾದ ಒಪ್ಪಿಗೆ ಎನ್ನುವುದು ಕಷ್ಟ.

ಹಕ್ಕಿನ ಮಾನ್ಯತೆ

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪಿನ ಹಿಂದೆ ಇದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಂಸತ್ತಿನ ಕಾನೂನಿಲ್ಲದೆ ಆಧಾರ್‌ಗಾಗಿ ಬೆರಳಚ್ಚು, ಕಣ್ಣಿನ ಗುರುತು ಪಡೆಯುವುದನ್ನು ಪ್ರಶ್ನಿಸಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕೆಂದು ಸಾರಿತು. ರಾತ್ರಿ ಹೊತ್ತು ಮನೆಗೆ ಬರುವ ಪೊಲೀಸರ ನಿಗಾವನ್ನು ಪ್ರಶ್ನಿಸಿದ್ದ ಖರಕ್ ಸಿಂಗ್ ಪ್ರಕರಣದಲ್ಲಿ ಖಾಸಗಿತನ ಹಕ್ಕಲ್ಲವೆಂದು 1962ರಲ್ಲಿ ಹೇಳಿದ್ದ ಮಾತನ್ನು ಪೀಠ ತಳ್ಳಿಹಾಕಿತು. ಹಾಜರಿ ಮತ್ತು ಬೆರಳಚ್ಚಿನ ಸೆಟ್ಲ್‌ಮೆಂಟ್ ಕಂಡಿದ್ದ ವಿಜಾಪುರ ಸೀಮೆಯ ಮಟ್ಟಿಗೆ ಈ ಮಾತಿನ ತೂಕ ದೊಡ್ಡದು. 2018ರ ಸೆಪ್ಟೆಂಬರ್ 26ರಂದು ಕೋರ್ಟು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದರೂ ಖಾಸಗಿ ಕಂಪನಿಗಳು ಆಧಾರ್ ಕೇಳಲು ಅವಕಾಶ ಕೊಟ್ಟಿದ್ದ ಭಾಗವನ್ನು ರದ್ದುಗೊಳಿಸಿತು.

2017ರ ತೀರ್ಪಿನ ಪ್ರಭಾವ ರಾಜ್ಯದಲ್ಲೂ ಕಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಲು ವಿದ್ಯುತ್ ಮೀಟರಿನ ಆರ್.ಆರ್. ನಂಬರನ್ನು ಬಳಸಲಾಯಿತು, 60 ಪ್ರಶ್ನೆಗಳಿದ್ದವು. ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಉತ್ತರಿಸುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದು ಆದೇಶಿಸಿತು. ಕಲಾದಗಿ ಜಿಲ್ಲೆಯ ಮೊದಲ ಗಣತಿದಾರನ ಮುಂದೆ ನಿಂತಿದ್ದ ಮನೆಯವರಿಗೆ ಇಂಥ ಆಯ್ಕೆ ಇರಲಿಲ್ಲ.

ಕಂಪನಿಗಳಿಗೆ ಅನ್ವಯಿಸುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಯ ಅಂಕಿತ ಪಡೆಯಿತು. ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು, ತಪ್ಪನ್ನು ತಿದ್ದಿಸಬಹುದು, ಅಳಿಸಲು ಕೇಳಬಹುದು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಉಂಟು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, 2027ರ ಮೇ ಹೊತ್ತಿಗೆ, ಪೂರ್ಣ ಜಾರಿಗೆ ಬರಬೇಕು. ಸರ್ಕಾರಿ ಸಂಸ್ಥೆಗಳಿಗೆ ಕಾಯ್ದೆ ಕೊಟ್ಟಿರುವ ವಿಶಾಲ ವಿನಾಯಿತಿ ಮಾತ್ರ ಆಕ್ಷೇಪಕ್ಕೆ ಗುರಿಯಾಗಿದೆ, ಅದು ಸಕಾರಣವಾದ ಆಕ್ಷೇಪ. ಹೆಚ್ಚು ಜನರ ಹೆಚ್ಚು ವಿವರ ಇರುವುದು ಸರ್ಕಾರದ ಬಳಿಯೇ.

ಈ ಸೀಮೆಯ ಚರಿತ್ರೆ ನೋಡಿದರೆ ಬರೆದಿಡುವುದೇ ಕೆಡುಕೆಂದು ಹೇಳಲಾಗದು. ಉತಾರ ಹೊಲ ಉಳಿಸಿದೆ, ಮುಳುಗಡೆ ಪಟ್ಟಿ ಮನೆ ಕೊಟ್ಟಿದೆ, ಗಣತಿ ಬರದ ಸಾವನ್ನು ಲೆಕ್ಕಕ್ಕೆ ತಂದಿದೆ. ಕೆಡುಕಾದದ್ದು ಜನರಿಗೆ ಓದಲಾಗದ ಭಾಷೆಯಲ್ಲಿ ಬರೆದಾಗ, ಹುಟ್ಟನ್ನೇ ಅಪರಾಧವೆಂದು ದಾಖಲಿಸಿದಾಗ, ಒಂದಕ್ಕೆಂದು ಪಡೆದದ್ದನ್ನು ಇನ್ನೊಂದಕ್ಕೆ ಬಳಸಿದಾಗ. ಕನ್ನಡದಲ್ಲಿ ಸೂಚನೆ, ಉದ್ದೇಶದ ಮಿತಿ, ಒಪ್ಪಿಗೆ ಹಿಂಪಡೆಯುವ ದಾರಿ ಎಂದು ಹೊಸ ಕಾಯ್ದೆ ಹೇಳುತ್ತಿರುವುದು ಆ ಹಳೆಯ ಕೊರತೆಗಳಿಗೇ ಪರಿಹಾರ. ಸೂಚನೆ ಹೆಸರಿಗೆ ಮಾತ್ರ ಕನ್ನಡದಲ್ಲಿದ್ದು ಇಳಕಲ್ಲಿನ ನೇಕಾರರಿಗೆ, ಹುನಗುಂದದ ರೈತರಿಗೆ ಅರ್ಥವಾಗದೆ ಹೋದರೆ, ಮೋಡಿ ಲಿಪಿಯ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟಿಗೂ ಮೊಬೈಲ್ ಪರದೆಯ ಮೇಲೆ ಒತ್ತಿದ ಬೆರಳಿಗೂ ವ್ಯತ್ಯಾಸ ಉಳಿಯದು. ಆ ವ್ಯತ್ಯಾಸವನ್ನು ಉಳಿಸುವ ಹೊಣೆ ಕಂಪನಿಗಳದ್ದು, ಕಾಯ್ದೆಯಡಿ ರಚನೆಯಾಗುವ ದತ್ತಾಂಶ ಸಂರಕ್ಷಣಾ ಮಂಡಳಿಯದ್ದು ಮತ್ತು ಸರ್ಕಾರದ್ದು.